ಅಸಲಿ ವಾಟರ್ ಪಂಪು

ನಮ್ಮ ಮತಾನ್ಸಾಸ್ ಊರಿನ ಮೆಕ್ಯಾನಿಕ್ ಎವೆಲಿಯೊನ ಕೈಗೆ, ಐವತ್ತೆರಡನೇ ಇಸವಿಯ ಶೆವ್ರೊಲೆ ಕಾರಿಗೆ ಹೊಂದುವ, ಎಂಜಿನ್ ತಣ್ಣಗಿಡುವ ಅಸಲಿ ವಾಟರ್ ಪಂಪೊಂದು ಸಿಕ್ಕಿತು. ಅಂಥದ್ದು ಬೇಕೆಂದು ವರ್ಷದಿಂದ ಕೇಳುತ್ತಿದ್ದವನು ಗೆಳೆಯ ವಿದಾಲ್; ಅವನ ಮಗಳ ಮದುವೆ ಹತ್ತಿರವಿತ್ತು. ಎವೆಲಿಯೊ ಅದನ್ನು ಅಂಥದೇ ಆದ ತನ್ನ ಕಾರಿಗೆ ಹಾಕಿಕೊಂಡ. ವಿದಾಲನ ಕಾರಿಗೆ ಲೇತಿನಲ್ಲಿ ತಾನೇ ಕಡೆದ ಪಂಪು ಕೂರಿಸಿ, "ಅಸಲಿ ಮಾಲು ಕಣೋ" ಎಂದ.

ಮದುವೆಯ ದಿನ ಸೇತುವೆಯ ಮೇಲೆ ವಿದಾಲನ ಕಾರಿನ ಎಂಜಿನ್ ಕಾದು ಹಬೆಯೆದ್ದಿತು. ಮದುಮಗಳು ಬಿಳಿ ನಿಲುವಂಗಿ ಎತ್ತಿ ಹಿಡಿದು, ಬೆವರುತ್ತ ಮದುವೆಗೆ ನಡೆದೇ ಬಂದಳು. ಅತಿಥಿಗಳ ನಡುವೆ ಕೂತಿದ್ದ ಎವೆಲಿಯೊ ಕೇಕಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕಿಟ್ಟ.

ಮರುದಿನ ಬೆಳಿಗ್ಗೆ ಅಸಲಿ ಪಂಪನ್ನು ಬಿಚ್ಚಿ ತಂದು ವಿದಾಲನ ಮುಂದಿಟ್ಟ. "ನಿಂಗೆ ಹಾಕಿದ್ದು ನಕಲಿ. ಇದನ್ನ ನಾನಿಟ್ಕೊಂಡಿದ್ದೆ."

"ನಕಲಿ ಅಂತ ನೀ ಹಾಕಿದ ದಿನಾನೇ ಗೊತ್ತಾಯ್ತು ಮಾರಾಯ. ನೀನು ಅರ ಉಜ್ಜಿದ ಗೀರು ನಂಗೆ ಕಾಣಲ್ವಾ?" ಎಂದ ವಿದಾಲ್. "ಪಾಪ, ಅಸಲಿ ಎಲ್ಲೂ ಸಿಕ್ಕಿಲ್ಲ, ಹೇಳೋಕೆ ನಾಚ್ಕೋತಿದಾನೆ ಅಂದ್ಕೊಂಡೆ. ಅದಕ್ಕೇ ಮದುವೇಲಿ ಯಾರ ಹತ್ರನೂ ಬಾಯಿ ಬಿಡ್ಲಿಲ್ಲ."

ಎವೆಲಿಯೊ ವಿದಾಲನ ಕಾರಿನ ಬಾನೆಟ್ಟಿನೊಳಗೆ ಬಗ್ಗಿ ಪಂಪು ಜೋಡಿಸತೊಡಗಿದ. ಕೆಲಸ ಮುಗಿದ ಮೇಲೂ ಬಹಳ ಹೊತ್ತು ಅವನು ತಲೆಯೆತ್ತಲಿಲ್ಲ.