ಅತ್ತೆಮನೆಯ ಬೊಟ್ಟು

ರಾಜಾಮಣಿ ತೀರಿಕೊಂಡು ಮೂರು ತಿಂಗಳಾಯಿತು. ತಲೆಯೊಳಗೆ ರಕ್ತನಾಳ ಒಡೆದು ಒಂದೇ ಬೆಳಗಿನಲ್ಲಿ ಹೋಗಿಬಿಟ್ಟಳು. ಬಲು ಹೆದರುಪುಕ್ಕಲಿ. ಆದರೆ ಆ ಹೆದರಿಕೆಯಲ್ಲಿ ಒಂದು ಚೂರನ್ನೂ ತನಗೆಂದು ಇಟ್ಟುಕೊಂಡವಳಲ್ಲ. ಅಷ್ಟೂ ಗಂಡ ದಂಡಪಾಣಿಗಾಗಿ. ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಮೊದಲಿನ ಹನ್ನೆರಡು ದಿನಗಳನ್ನು ಅವಳು ಹೇಗೆ ಕಳೆದಳೆಂದು ಹೇಳಿದರೆ ಅವಳು ಎಂಥವಳೆಂದು ತಿಳಿದೀತು.

ಕೊಯಮತ್ತೂರಿನ ಕಡೆಯ ಸಿರುಮುಗೈಯ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ನೇಯುವವರು. ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ದಂಡಪಾಣಿಗೆ ಎದೆನೋವು ಬಂದು, ಕೊಯಮತ್ತೂರಿನಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಆಮೇಲೆ ಅವರನ್ನು ಮಗ್ಗಕ್ಕೆ ಇಳಿಯಲು ಅವಳು ಬಿಡಲಿಲ್ಲ. ಬದುಕಿ ಬಂದದ್ದಕ್ಕೆ ದೇವರಿಗೂ ಬಂಧುಗಳಿಗೂ ಕೈಮುಗಿದ ಹಾಗಾಗಲಿ ಎಂದು ಅರವತ್ತರ ಮದುವೆಯನ್ನು ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಿಗೆ ಗೊತ್ತುಮಾಡಿದರು. ಅರವತ್ತು ತುಂಬಿದ ದಿನ ಗಂಡ ಹೆಂಡತಿಗೆ ಮತ್ತೆ ತಾಳಿ ಕಟ್ಟಬೇಕು. ಹಿಂದಿನ ದಿನ ಗಂಡನ ಅಕ್ಕ ತಾಳಿಯ ಹಳೆಯ ಚಿನ್ನದ ಬೊಟ್ಟುಗಳನ್ನು ಬಿಚ್ಚಿ ಹೊಸ ಅರಿಶಿನದ ದಾರಕ್ಕೆ ಪೋಣಿಸಬೇಕು.

ರಾಜಾಮಣಿಯ ತಾಳಿಯಲ್ಲಿ ಎರಡು ಬೊಟ್ಟು, ತವರಿನದೊಂದು, ಅತ್ತೆಮನೆಯದೊಂದು. ಅತ್ತೆಮನೆಯದನ್ನು ಅತ್ತೆ ತನ್ನ ಮೂಗುತಿ ಕರಗಿಸಿ ಮಾಡಿಸಿದ್ದಳು. ನೇಯುವ ಹೆಂಗಸರು ಮಗ್ಗದ ಕುಣಿಗೆ ಇಳಿಯುವ ಮೊದಲು ತಾಳಿಯನ್ನು ಬೆನ್ನ ಹಿಂದಕ್ಕೆ ಎಸೆದುಕೊಳ್ಳುತ್ತಾರೆ, ನೂಲಿಗೆ ಸಿಕ್ಕಬಾರದೆಂದು. ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪದ ಆ ಅಭ್ಯಾಸ, ಅರವತ್ತರ ಮದುವೆಗೆ ಹನ್ನೆರಡು ದಿನವಿರುವಾಗ, ಅವತ್ತೊಂದು ದಿನ ತಪ್ಪಿತು. ಆಸ್ಪತ್ರೆಯಿಂದ ಫೋನ್ ಬಂದಿತ್ತು, ಇನ್ನೊಮ್ಮೆ ಎದೆಯ ಪರೀಕ್ಷೆಗೆ ಬನ್ನಿ ಅಂತ. ಗಾಬರಿಯಲ್ಲೇ ಬಂದು ಕೂತಳು. ಸಂಜೆ ಸ್ನಾನಕ್ಕೆ ಹೋದಾಗ ಕೈಗೆ ತಗಲಿದ್ದು ಒಂದೇ ಬೊಟ್ಟು. ಇಲ್ಲದಿದ್ದದ್ದು ಅತ್ತೆಮನೆಯದು.

ಕುಣಿಯ ಮಣ್ಣನ್ನೆಲ್ಲ ಬಾಚಿ ಜರಡಿ ಹಿಡಿದಳು. ಅವತ್ತೇ ಮಗ್ಗದಿಂದ ಕೊಯ್ದು ಕೊಟ್ಟಿದ್ದ ಸೀರೆಯ ಮಡಿಕೆಯಲ್ಲಿ ಸಿಕ್ಕಿರಬಹುದೆಂದು, ನೂಲು ಕೊಟ್ಟು ನೇಯಿಸುವ ಮಾಲೀಕರ ಮನೆಗೆ ಓಡಿ, ಒಳಗೆ ಸೂಜಿ ಬಿಟ್ಟಿದ್ದೇನೆಂದು ಸುಳ್ಳು ಹೇಳಿ ಬಿಚ್ಚಿಸಿದಳು. ಏನೂ ಇರಲಿಲ್ಲ. ಮನೆಗೆ ಬಂದು ಒಂದು ಅರಿಶಿನದ ಕೊಂಬನ್ನು ಆ ಜಾಗಕ್ಕೆ ಕಟ್ಟಿಕೊಂಡು ರವಿಕೆಯೊಳಗೆ ಬಚ್ಚಿಟ್ಟಳು.

ಅಲ್ಲಿಂದ ಶುರುವಾಯಿತು. ದಂಡಪಾಣಿ ಕೆಮ್ಮಿದರೆ ಇವಳ ಕೈಯ ಲಾಳಿ ನಿಲ್ಲುತ್ತಿತ್ತು. ಮಧ್ಯಾಹ್ನ ಅವರು ಮಲಗಿದರೆ ಬಾಗಿಲಲ್ಲಿ ನಿಂತು ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದಳು. ಅಂಗಡಿಗೆ ಹೋದವರು ಹತ್ತು ನಿಮಿಷ ತಡಮಾಡಿದರೆ ಪಕ್ಕದ ಮನೆಯ ಮೈಲ್‌ಸಾಮಿಯನ್ನು ಕಳಿಸುತ್ತಿದ್ದಳು. ಎದೆನೋವು ಬಂದ ದಿನ ದಂಡಪಾಣಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಮುಟ್ಟಿಸಿದವನು ಅವನೇ.

"ಏನಕ್ಕಾ ಇಷ್ಟು ಪಯ? ಅಣ್ಣ ಏನು ಕೈಕೂಸಾ?" ಎಂದು ಅವನು ನಗುತ್ತಿದ್ದ.

ಒಂಬತ್ತನೆಯ ದಿನ ಬಸ್ಸು ಹತ್ತಿ ಮೆಟ್ಟುಪಾಳ್ಯಂಗೆ ಹೋದಳು, ಅದೇ ಮಾದರಿಯ ಬೊಟ್ಟು ಮಾಡಿಸಿ ಯಾರಿಗೂ ತಿಳಿಯದಂತೆ ಸೇರಿಸಿಬಿಡಲು. ಅಕ್ಕಸಾಲಿಗನ ಬಾಗಿಲವರೆಗೆ ಹೋದವಳು ಮೆಟ್ಟಿಲು ಹತ್ತಲಿಲ್ಲ. ಕಳೆದದ್ದೇ ಅಪಶಕುನ, ಅದರ ಮೇಲೆ ಕಳ್ಳ ಬೊಟ್ಟಿಗೆ ಅವರ ಕೈಯಿಂದ ಗಂಟು ಹಾಕಿಸಿದರೆ ಅವರ ಆಯುಸ್ಸಿಗೆ ತಾನೇ ಮೋಸ ಮಾಡಿದ ಹಾಗಲ್ಲವೇ? ಅದೇ ಬಸ್ಸಿನಲ್ಲಿ ಹಿಂತಿರುಗಿದಳು.

ಹನ್ನೊಂದನೆಯ ದಿನ, ಗಂಡ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಏನುಂಗ, ಒಂದು ಸೊಲ್ಲಬೇಕು. ಕೋಪ ಮಾಡ್ಕೋಬೇಡಿ. ಎದೆ ಗಟ್ಟಿ ಮಾಡ್ಕೊಳ್ಳಿ."

"ಎದೆಗೆ ಡಾಕ್ಟರೇ ಕಂಬಿ ಹಾಕ್ಯಾರೆ, ಸೊಲ್ಲು."

ಹೇಳಿದಳು. ದಂಡಪಾಣಿಯ ಕೈ ತಟ್ಟೆಯಲ್ಲೇ ನಿಂತಿತು. ಇನ್ನೊಂದು ಕೈ ಎದೆಯ ಕಡೆ ಹೋಯಿತು. ಅವಳು ಮೈಲ್‌ಸಾಮಿಯನ್ನು ಕೂಗಲು ಬಾಯಿ ತೆರೆದಳು. ಅವರು ತುರಿಸಿಕೊಂಡರು, ಅಷ್ಟೇ.

"ಇಷ್ಟು ದಿವಸ ಅರಿಶಿನ ಕಟ್ಕೊಂಡು ಇದ್ಯಾ?"

"ಹೂಂ."

"ಇಷ್ಟು ದಿವಸ ನಾನು ಇದ್ದೀನಲ್ಲ? ಮತ್ತೆ? ನಮ್ಮ ಅಜ್ಜಿಗೆ ಕಟ್ಟಿದ್ದೇ ಅರಿಶಿನದ ಕೊಂಬು. ಅಜ್ಜ ತೊಂಬತ್ತು ವರ್ಷ ಇದ್ದು ಊರಿನವರ ಪ್ರಾಣ ತೆಗೆದ. ಅದನ್ನೇ ಕಟ್ತೀನಿ, ಬಿಡು. ರಸ ಹಾಕು."

ಅವಳಿಗೆ ನಗು ಬರಲಿಲ್ಲ. ಇನ್ನು ಚಂದ್ರಕ್ಕನ ಹೆದರಿಕೆ. ದಂಡಪಾಣಿಯ ಆ ಅಕ್ಕ ಧಾರಾಪುರಂನಿಂದ ಮರುದಿನ ಬರುವವರು, ಶಕುನದ ವಿಷಯದಲ್ಲಿ ಬಲು ಬಿಗಿ. ಅವರು ಕೆಟ್ಟ ಮಾತೊಂದು ಆಡಿಬಿಟ್ಟರೆ? ಆಡಿದ್ದು ನಡೆದುಹೋದರೆ?

ಚಂದ್ರಕ್ಕ ಬಂದರು. ದಾರ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.

"ನಮ್ಮವ್ವನ ಬೊಟ್ಟು ಎಲ್ಲಿ?"

ರಾಜಾಮಣಿ ನಿಜವನ್ನೇ ಹೇಳಿದಳು. ಮಗಳು ಗೋಕಿಲಾ ಅವಳ ತೋಳು ಹಿಡಿದುಕೊಂಡಿದ್ದಳು. ಚಂದ್ರಕ್ಕ ದಾರವನ್ನು ಮಡಿಲಿಗೆ ಇಳಿಸಿದರು.

"ಹನ್ನೆರಡು ದಿವಸ ಇದನ್ನ ಒಬ್ಳೇ ಹೊತ್ಕೊಂಡು ತಿರುಗಿದ್ಯಾ? ನನಗೊಂದು ಫೋನ್ ಮಾಡಕ್ಕೆ ಆಗ್ಲಿಲ್ವಾ, ಕತ್ತೆ?" ಎಂದು ಬೈದು, ಒಳಗೆ ಹೋಗಿ ಒಳ್ಳೆಯ ಗಟ್ಟಿ ಅರಿಶಿನದ ಕೊಂಬೊಂದನ್ನು ಆರಿಸಿ ತಂದು ತವರಿನ ಬೊಟ್ಟಿನ ಪಕ್ಕ ಪೋಣಿಸಿದರು.

ಮರುದಿನ ದಂಡಪಾಣಿ ಉಡುಗೊರೆಯ ಪಂಚೆಗಳಲ್ಲಿ ಮೊದಲ ವೇಷ್ಟಿಯನ್ನು ಮೈಲ್‌ಸಾಮಿಯ ಕೈಗಿಟ್ಟು, "ಇವನ ಆಟೋ ಇಲ್ಲದಿದ್ರೆ ಈ ಅರವತ್ತು ಇಲ್ಲ" ಅಂದರು. ಮೈಲ್‌ಸಾಮಿ ಅವರ ಕಾಲಿಗೆ ಬಿದ್ದ. ನಾದಸ್ವರದ ನಡುವೆ ದಂಡಪಾಣಿ ಎರಡು ಗಂಟು ಹಾಕಿದರು. ವಾಡಿಕೆಯಂತೆ ಮೂರನೆಯದು ಅಕ್ಕನದು. ಚಂದ್ರಕ್ಕ ಹಲ್ಲು ಕಚ್ಚಿ ಬಿಗಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ದಾರ ಒತ್ತಿ ರಾಜಾಮಣಿಯ ಕುತ್ತಿಗೆಯಲ್ಲಿ ಕೆಂಪು ಗೆರೆ ಎದ್ದಿತ್ತು. ಗೋಕಿಲಾ ಸ್ವಲ್ಪ ಸಡಿಲಿಸಲು ಕೈ ಹಾಕಿದಳು.

ರಾಜಾಮಣಿ ಗಂಟನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಬೇಡ ಕಣ್ಣು, ಮುಟ್ಟಬೇಡ. ಬಿಗಿಯಾಗೇ ಇರ್ಲಿ."