ಪ್ಲಗ್ ತೆಗೆಯಬೇಡಿ ಎಂದವಳು ನಾನೇ

ತಮಿಳುನಾಡಿನ ಕಾರಮಡೈಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಭಾಗದಲ್ಲಿ ಮನೆಯೊಡತಿ ಇದ್ದರು. ಐವತ್ತರ ಆಸುಪಾಸಿನವರು, ನಾನು ಅಕ್ಕ ಎನ್ನುತ್ತಿದ್ದೆ. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ಮನೆ. ಮಾತೆಲ್ಲ ಕನ್ನಡ, ಓದುವುದು ಮಾತ್ರ ತಮಿಳು. ನಾನು ದಾವಣಗೆರೆಯಿಂದ ಬಂದು ಕೊಯಮತ್ತೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ.

ಮಕ್ಕಳ ಬನಿಯನ್ನುಗಳ ಎದೆಯ ಮೇಲೆ ಅಚ್ಚಾಗುವ ಬಾತುಕೋಳಿ, ಆನೆಮರಿ, ಕೊಡೆ ಹಿಡಿದ ಕಪ್ಪೆ, ಇಂಥ ಚಿತ್ರಗಳನ್ನು ಬರೆದು ತಿರುಪ್ಪೂರಿನ ಒಂದು ಕಂಪನಿಗೆ ಕಳಿಸುವುದು ಅಕ್ಕನ ಕೆಲಸ. ಹೊಲಿಗೆ ಮೆಷೀನಿನ ಪಕ್ಕದ ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್. ಅದನ್ನು ತಂದ ದಿನ, ಅಲ್ಲಿನ ತಮಿಳರಂತೆ ಮುದ್ದಿಗೆ 'ಕಣ್ಣು' ಎಂದು ಕರೆಯುತ್ತ, ನನ್ನನ್ನು ಕೇಳಿದ್ದರು: "ಚಾರ್ಜರ್ ಹಾಕೇ ಇಟ್ರೆ ಏನಾದ್ರೂ ಆಗುತ್ತಾ, ಕಣ್ಣು?"

ಕಾಲೇಜಿಗೆ ಹೊರಟ ಅವಸರದಲ್ಲಿದ್ದೆ. "ಏನೂ ಆಗಲ್ಲ ಅಕ್ಕ, ಪ್ಲಗ್ ತೆಗೆಯಲೇಬೇಡಿ" ಎಂದೆ.

ಅವರು ಆ ಮಾತನ್ನು ವ್ರತದಂತೆ ಪಾಲಿಸಿದರು. ಎರಡು ವರ್ಷ ಪ್ಲಗ್ ತೆಗೆಯಲಿಲ್ಲ. ಮೇಜಿಗೆ ಗೀರು ಬೀಳದಿರಲೆಂದು ಲ್ಯಾಪ್‌ಟಾಪಿನ ಕೆಳಗೆ ದಪ್ಪನೆಯ ಬಟ್ಟೆಯನ್ನೂ ಮಡಚಿಟ್ಟಿದ್ದರು.

ಒಂದು ಬೆಳಿಗ್ಗೆ, ತಿಂಗಳಿಗೊಮ್ಮೆ ರಿಪೇರಿಗೆಂದು ಕರೆಂಟ್ ತೆಗೆಯುವ ದಿನ, ಅಕ್ಕ ಮೇಲೆ ಹತ್ತಿ ಬಂದರು. "ಕರೆಂಟ್ ಹೋದ ಕೂಡ್ಲೆ ಇದೂ ಆಫ್ ಆಗೋಯ್ತು ಕಣ್ಣು. ಬ್ಯಾಟರಿ ನೂರು ಅಂತ ತಾನೇ ತೋರಿಸ್ತಿತ್ತು? ಅದಕ್ಕೇ ಧೈರ್ಯವಾಗಿ ಕೂತಿದ್ದೆ. ಬರೀತಿದ್ದ ಆನೆ ಪೂರಾ ಹೋಯ್ತು."

ಕೆಳಗೆ ಹೋಗಿ ನೋಡಿದೆ. ಬಟ್ಟೆ ಸರಿಸಿ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಸಮನಾಗಿ ಕೂರಲಿಲ್ಲ, ಅತ್ತಿತ್ತ ಆಡಿತು. ತಳ ಉಬ್ಬಿತ್ತು. ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದು ಗೊತ್ತಾದ ಕ್ಷಣವೇ ನನ್ನ ಹಳೆಯ ಮಾತು ನೆನಪಾಯಿತು. ಕಾಲೇಜಿಗೆ ಅರ್ಧ ದಿನ ರಜೆ ಹೇಳಿ, ಪರಿಚಯದ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಈಗಲೇ ತನ್ನಿ ಎಂದರು. ಆಟೋದಲ್ಲಿ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು.

ಅಂಗಡಿಯವರು ವಯಸ್ಸಾದ ಮನುಷ್ಯ. ತಳ ಬಿಚ್ಚಿ, ದಿಂಬಿನಂತೆ ಉಬ್ಬಿದ್ದ ಬ್ಯಾಟರಿಯನ್ನು ಮೆಲ್ಲಗೆ ಬಿಡಿಸಿ ದೂರ ಇಟ್ಟರು. ಸದಾ ನೂರಕ್ಕೆ ನೂರು ತುಂಬಿಕೊಂಡೇ ಇರುವುದು, ಮೇಲಿಂದ ಬಿಸಿ, ಈ ಎರಡೂ ಸೇರಿದರೆ ಬ್ಯಾಟರಿ ಬೇಗ ಸೊರಗುತ್ತದೆ ಎಂದು ತಮಿಳಿನಲ್ಲಿ ವಿವರಿಸಿದರು. ಆಮೇಲೆ ಸಿಡುಕಿಲ್ಲದೆಯೇ ಕೇಳಿದರು: ಪ್ಲಗ್ ತೆಗೆಯದೆ ಇಡಿ ಅಂತ ನಿಮಗೆ ಹೇಳಿದ್ದು ಯಾರು?

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಯಾರೂ ಇಲ್ಲ, ನಾನೇ ಹಾಗೆ ಬಿಟ್ಟಿದ್ದೆ" ಎಂದರು.

ಆಗ ನನಗಾದ ನಾಚಿಕೆ ಯಾರು ಬೈದಿದ್ದರೂ ಆಗುತ್ತಿರಲಿಲ್ಲ. ನನ್ನ ಹರಕು ತಮಿಳಿನಲ್ಲಿ, ಹೇಳಿದ್ದು ನಾನು, ಕಾಲೇಜಿನಲ್ಲಿ ಕಂಪ್ಯೂಟರನ್ನೇ ಕಲಿಸುತ್ತೇನೆ ಎಂದೂ ಸೇರಿಸಿ ಒಪ್ಪಿಕೊಂಡೆ. ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ವಕೀಲರೂ ಡಾಕ್ಟರರೂ ಹೀಗೇ ಉಬ್ಬಿಸಿ ತಂದುಕೊಡುತ್ತಾರಮ್ಮ ಎಂದು ಸ್ಕ್ರೂ ಆರಿಸತೊಡಗಿದರು.

ಹೊಸ ಬ್ಯಾಟರಿ ಮಾರನೆಯ ದಿನ ಬರುವುದಿತ್ತು. ಆನೆಯ ಚಿತ್ರ ಮಾತ್ರ ಅಂದೇ ಹೋಗಬೇಕಿತ್ತು. ಅಕ್ಕ ಅಂಗಡಿಯವರಿಂದ ಒಂದು ಹಾಳೆ, ಪೆನ್ಸಿಲ್ ಕೇಳಿ ಪಡೆದು ಬೆಂಚಿನ ತುದಿಯಲ್ಲಿ ಕುಳಿತರು. ಮೊದಲ ಆನೆ ಹಂದಿಯಂತಾಯಿತು. ಎರಡನೆಯದಕ್ಕೆ ಸೊಂಡಿಲು ಮೇಲೆತ್ತಿ ಕಿವಿ ಅಗಲಿಸಿದರು. ಅದನ್ನು ಫೋನಿನಲ್ಲಿ ಫೋಟೋ ತೆಗೆದು ತಿರುಪ್ಪೂರಿಗೆ ಕಳಿಸಿದೆವು. ಕಂಪನಿಯ ಹುಡುಗಿ ಫೋನ್ ಮಾಡಿ, ಈ ಗೆರೆಯೇ ಇರಲಿ, ಬಣ್ಣ ನಾವು ತುಂಬಿಕೊಳ್ಳುತ್ತೇವೆ ಎಂದಳು.

ವಾಪಸ್ ಬರುವಾಗ ಕೇಳಿದೆ, "ಯಾಕಕ್ಕ ಹಾಗಂದ್ರಿ?"

"ನಿನ್ನ ಮೊಖ ನೋಡ್ದೆ. ನೀನೇನು ಬೇಕು ಅಂತ ಹೇಳಿದ್ಯಾ? ಪರವಾಯಿಲ್ಲೆ ಬಿಡು, ಕಣ್ಣು."

ಮಾರನೆಯ ದಿನ ಬ್ಯಾಟರಿ ಹಾಕಿಸಿ ತಂದ ಮೇಲೆ, ಚಾರ್ಜು ಎಂಬತ್ತಕ್ಕೇ ನಿಲ್ಲುವಂತೆ ಸೆಟ್ಟಿಂಗ್ ಬದಲಿಸಿಕೊಟ್ಟೆ. ಇನ್ನು ಪ್ಲಗ್ ಇದ್ದರೂ ತೊಂದರೆಯಿಲ್ಲ, ಆದರೆ ಅಡಿಯಲ್ಲಿ ಬಟ್ಟೆ ಬೇಡ, ಗಾಳಿಯಾಡಲಿ. ಆಗೀಗ ಒಮ್ಮೆ ಪ್ಲಗ್ ತೆಗೆದು ಕೆಲಸ ಮಾಡಿ, ಎಷ್ಟು ಹೊತ್ತು ತಡೆಯುತ್ತದೆ ಎಂದು ಗೊತ್ತಿರಲಿ ಎಂದೆ. ಈ ಸಲ ಎಲ್ಲವನ್ನೂ ಓದಿ, ಅಂಗಡಿಯವರನ್ನೂ ಕೇಳಿಕೊಂಡೇ ಹೇಳಿದ್ದೆ. ಅಕ್ಕ ತಲೆಯಾಡಿಸುತ್ತ ಕೇಳಿದರು. ಎಂಬತ್ತಕ್ಕೆ ನಿಂತದ್ದು ಮಾತ್ರ ಅವರ ಮನಸ್ಸಿಗೆ ಒಗ್ಗಲಿಲ್ಲ.

"ಅರೆಹೊಟ್ಟೇಲಿ ಇಟ್ಟಂಗಲ್ವಾ?"

"ಅದಕ್ಕೆ ಅಷ್ಟೇ ಹಿತ ಅಕ್ಕ."

"ಶರಿ" ಎಂದು ಕಪ್ಪೆಯ ಕೊಡೆಗೆ ಬಣ್ಣ ಹಚ್ಚಲು ಕುಳಿತರು.