ಕೆಂಚನ ಎಡಗಿವಿ

ಮೊನ್ನೆ ಸೋಮವಾರ ಬೆಳಿಗ್ಗೆ ನೋಡುತ್ತೇನೆ, ನನ್ನ ನಾಯಿಯ ಹಣೆಗೆ ಯಾರೋ ಭಂಡಾರ ಹಚ್ಚಿ ಹೋಗಿದ್ದಾರೆ.

ಮನೆಯ ನಾಯಿಗಲ್ಲ. ಮನೆಯ ನಾಯಿಗೆ ಹಚ್ಚಲು ಬಂದವರು ಕೈಯನ್ನು ಹಾಗೇ ವಾಪಸ್ ಒಯ್ಯುವುದು ಕಷ್ಟ. (ಕೆಂಚನ ಬಗ್ಗೆ ಅಲ್ಲ, ನಮ್ಮ ಹೆಣ್ಣುನಾಯಿ ಪುಟ್ಟಿಯ ಬಗ್ಗೆ ಹೇಳುತ್ತಿದ್ದೇನೆ. ಕೆಂಚ ಸಾಧು.) ಇದು ನಾನು ಮಾಡಿದ ಸಿಮೆಂಟಿನ ನಾಯಿ. ಹಡಗಲಿಯ ಹೊಸ ಪಾರ್ಕಿನಲ್ಲಿ ಸಿಮೆಂಟಿನ ಕುರಿಗಾರನ ಕಾಲ ಬಳಿ ಕೂತಿದೆ. ಉದ್ಘಾಟನೆ ಆಗಿಲ್ಲ. ಬಣ್ಣವೂ ಪೂರ್ತಿ ಆಗಿಲ್ಲ. ಅಷ್ಟರಲ್ಲೇ ಹಣೆ ತುಂಬ ಅರಿಶಿನದ ಪುಡಿ, ಕಾಲ ಹತ್ತಿರ ಎರಡು ಊದಿನಕಡ್ಡಿ, ಒಂದು ಹೋಳು ಕೊಬ್ಬರಿ!

ನನ್ನ ಕೈಯಲ್ಲಿ ಉಳಿ, ಸುತ್ತಿಗೆ ಇದ್ದವು. ಯಾಕೆ ಅಂತೀರಾ? ಆ ನಾಯಿಯ ಎಡಗಿವಿ ಒಡೆಯಲು ಹೋಗಿದ್ದೆ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವೂ ನನ್ನನ್ನು ಆ ಊರಿನವರ ಹಾಗೇ ನೋಡುತ್ತೀರಿ.

ಈ ಅಂಕಣ ಓದುವವರಿಗೆ ನಮ್ಮ ಮನೆಯ ಪರಿಸ್ಥಿತಿ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಯಜಮಾನರು, ಮೂರನೇ ಕ್ಲಾಸಿನ ಮಗಳು ಪಲ್ಲವಿ, ನನ್ನ ಅತ್ತೆ, ಎರಡು ನಾಯಿ, ಹಿತ್ತಲ ತುಂಬ ಮರಳು, ಕಬ್ಬಿಣದ ಸರಳು, ಸಿಮೆಂಟ್ ಚೀಲ. "ಮನಿಗೆ ಸೊಸಿ ತಂದ್ನೋ, ಗೌಂಡಿ ತಂದ್ನೋ ತಿಳೀವಲ್ದು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಗೌಂಡಿಯಾದರೂ ಸಂಜೆ ಕೈ ತೊಳೆದುಕೊಂಡು ತನ್ನ ಮನೆಗೆ ಹೋಗುತ್ತಾನೆ. ನಾನು ಕೈ ತೊಳೆದುಕೊಂಡು ರೊಟ್ಟಿ ಬಡಿಯಬೇಕು.

ಈ ವರ್ಷದ ಆರಂಭದಲ್ಲಿ ಪಾರ್ಕ್ ಸಮಿತಿಯವರು ಕರೆದರು. ಕುರಿಗಾರ, ಮೂರು ಕುರಿ, ಒಂದು ನಾಯಿ ಬೇಕು ಅಂದರು. ಸಂತೋಷದಿಂದ ಸ್ಕೆಚ್ ಒಯ್ದೆ. ಸಮಿತಿಯ ಅಧ್ಯಕ್ಷರದು ಬಟ್ಟೆ ಅಂಗಡಿ. ಅವರಿಗೆ ಮೊದಲು ಕಂಡಿದ್ದು ರುಮಾಲು. "ರುಮಾಲು ಸಣ್ಣದಾತ್ರಿ ಮೇಡಂ. ಇನ್ನೆರಡು ಸುತ್ತು ಹಾಕ್ರಿ." ಹಾಕಿದೆ. ಎರಡನೆಯ ಸಲ ಒಬ್ಬ ಸದಸ್ಯರು, "ಕೈಯಾಗ ಒಂದು ಕೊಳಲು ಕೊಡ್ರಿ, ಕಳಾ ಬರತೈತಿ" ಅಂದರು. ಸಾರ್, ಇವನು ಕೃಷ್ಣ ಅಲ್ಲ ಅಂದೆ. ಬೇಸರ ಮಾಡಿಕೊಂಡರು. ಮೂರನೆಯ ಸಲ ಕುರಿಗಳು ಬಡಕಲಾದವು ಅಂದರು. ಕುರಿಗಳನ್ನು ದಪ್ಪ ಮಾಡಿದೆ. (ಸ್ಕೆಚ್ಚಿನಲ್ಲಿ ದಪ್ಪ ಮಾಡುವುದು ಸುಲಭ.)

ನಾಲ್ಕನೆಯ ಸಲ ಒಪ್ಪಿದರು. ನಾಲ್ಕೂ ಸಲ ಯಾರೂ ತಕರಾರು ಎತ್ತದೇ ಇದ್ದಿದ್ದು ನಾಯಿಯ ಬಗ್ಗೆ ಮಾತ್ರ. "ನಾಯಿ ಭಾಳ ಚಂದ ಬಂದೈತಿ. ಎರಡೂ ಕಿವಿ ಹೆಂಗ ನಿಂತಾವ ನೋಡ್ರಿ! ಕಾವಲು ನಾಯಿ ಅಂದ್ರ ಹಿಂಗಿರಬೇಕು." ಎರಡು ವರ್ಷದ ಹಿಂದೆ ತೆಗೆದ ಕೆಂಚನ ಫೋಟೋ ಇಟ್ಟುಕೊಂಡು ಬರೆದಿದ್ದೆ. ಸ್ಕೆಚ್ಚಿನ ಹಿಂದೆ "ಇದರಂತೆ ಮಾಡತಕ್ಕದ್ದು" ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿದರು.

ಸೀಲು ಬಿದ್ದ ಮೇಲೆ ಕೇಳಬೇಕೇ? ವೆಲ್ಡಿಂಗ್ ಅಂಗಡಿಯ ದಾದಾಪೀರ್ ಬಂದು ಸರಳು ಬಾಗಿಸಿ ವೆಲ್ಡಿಂಗ್ ಮಾಡಿ ಅಸ್ಥಿಪಂಜರ ನಿಲ್ಲಿಸಿಕೊಟ್ಟ. ನಾನು ಸಿಮೆಂಟ್ ಮೆತ್ತಲು ಶುರು ಮಾಡಿದೆ. ದಿನಾ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಶಾಲೆಗೆ ಹೋದ ಮೇಲೆ ಹಿತ್ತಲಲ್ಲಿ ಕೆಂಚನನ್ನು ಮುಂದೆ ಕೂರಿಸಿಕೊಳ್ಳುವುದು, ಸ್ಕೆಚ್ ನೋಡುವುದು, ಕೆಂಚನನ್ನು ನೋಡುವುದು, ಮೆತ್ತುವುದು. ಎದೆ ಮುಂದೆ, ಕುತ್ತಿಗೆ ಎಡಕ್ಕೆ. ಎರಡೇ ವಾರದಲ್ಲಿ ಕಲಿತುಬಿಟ್ಟ. ನಾನು ಸಿಮೆಂಟ್ ಮೆತ್ತುವ ಕರಣಿ ಹಿಡಿದರೆ ಸಾಕು, ಬಂದು ನೆಟ್ಟಗೆ ಕೂತು ಕುತ್ತಿಗೆ ತಿರುಗಿಸುತ್ತಿದ್ದ. ಮುಗಿದ ಮೇಲೆ ಒಂದು ಗ್ಲೂಕೋಸ್ ಬಿಸ್ಕೆಟ್. ಬೀದಿಯವರಿಗೆಲ್ಲ ಕರೆದು ತೋರಿಸಿದ್ದೆ. ಇಂಥ ಮಾಡೆಲ್ ದೊಡ್ಡ ದೊಡ್ಡ ಊರಿನ ಕಲಾವಿದರಿಗೂ ಸಿಕ್ಕಿರಲಿಕ್ಕಿಲ್ಲ ಎಂದು ಜಂಬ ಬೇರೆ.

ಒಂದೇ ತೊಂದರೆ. ಎಡಗಿವಿ ನಿಲ್ಲುತ್ತಿರಲಿಲ್ಲ.

ಸ್ಕೆಚ್ಚಿನಲ್ಲಿ ನಿಂತಿದೆ. ಫೋಟೋದಲ್ಲಿ ನಿಂತಿದೆ. ಇಲ್ಲಿ ಮಾತ್ರ ಮಡಚಿಕೊಳ್ಳುತ್ತದೆ. ಸೋಮಾರಿ ನಾಯಿ ಎಂದು ಬೈದು, ಎಡಗೈಯಿಂದ ಕಿವಿ ಎತ್ತಿ ಹಿಡಿದು, ಬಲಗೈಯಿಂದ ಸಿಮೆಂಟ್ ತೀಡುತ್ತಿದ್ದೆ. ಕುಂಯ್ ಅನ್ನುತ್ತಿದ್ದ. "ಸುಮ್ನ ಕುಂದ್ರೋ, ಎರಡೇ ನಿಮಿಷ" ಅನ್ನುತ್ತಿದ್ದೆ. ಕಿವಿ ಸ್ವಲ್ಪ ದಪ್ಪ ಅನ್ನಿಸಿತ್ತು. ಉಣ್ಣಿ ಕಚ್ಚಿರಬೇಕು ಅಂದುಕೊಂಡೆ. ಮರುದಿನ ಮತ್ತೆ ಎತ್ತಿ ಹಿಡಿದೆ.

ಇನ್ನು ಕ್ಯೂರಿಂಗ್ ಎಂಬ ಕರ್ಮ. ಸಿಮೆಂಟಿನ ಮೂರ್ತಿಗೆ ಗೋಣಿಚೀಲ ಸುತ್ತಿ ದಿನಕ್ಕೆ ನಾಲ್ಕೈದು ಸಲ ನೀರು ಹೊಡೆಯಬೇಕು. ನಮ್ಮ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಬಿಂದಿಗೆ ಎತ್ತಿಕೊಂಡು ಹೋದಾಗಲೆಲ್ಲ ಅತ್ತೆಯ ಕಣ್ಣು ನನ್ನ ಬೆನ್ನ ಮೇಲೆ. "ಸಿಮೆಂಟ್ ನಾಯಿಗೆ ಐದು ಸಲ ನೀರು. ಜೀವ ಇದ್ದ ನಾಯಿ ಬಟ್ಲ ಒಣಗಿ ಬಿದ್ದೈತಿ." ಪುಟ್ಟಿ ಒದ್ದೆ ಗೋಣಿಚೀಲ ಎಳೆದುಕೊಂಡು ಹೋಗಿ ಪಡಸಾಲೆಯಲ್ಲಿ ಹಾಸಿಕೊಂಡು ಮಲಗುವಳು. ಅತ್ತೆ ಕಸಬರಿಗೆ ಹಿಡಿದು ಅಟ್ಟುವರು. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನನಗ ಚಾ ಸಿಗತೈತೋ, ಇಲ್ಲ ನಾನೂ ಸಿಮೆಂಟಿನಂವ ಆಗಬೇಕೋ?" ಅನ್ನುವರು. ಇದರ ನಡುವೆ ನೀವು ಕಲೆಯ ಸಾಧನೆ ಮಾಡಿ ನೋಡಿ.

ಅಂತೂ ಮೂರು ತಿಂಗಳಿಗೆ ಸಿಮೆಂಟಿನ ಕೆಲಸ ಮುಗಿಯಿತು. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹುಲ್ಲು ಹಾಸಿ, ಕುರಿಗಾರನನ್ನು ಮಲಗಿಸಿ, ನಾಯಿಯನ್ನು ನನ್ನ ತೊಡೆಗೆ ಆನಿಸಿಕೊಂಡು ಪಾರ್ಕಿಗೆ ಸಾಗಿಸಿದೆವು. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿದೆ. ಹೊಗಳಿಸಿಕೊಳ್ಳಬೇಕು ಅನ್ನುವ ಆಸೆ, ಸುಳ್ಳು ಯಾಕೆ ಹೇಳಲಿ?

ಪಲ್ಲವಿ ಸುತ್ತ ಒಂದು ಸಲ ತಿರುಗಿ ನೋಡಿದಳು.

"ಅಮ್ಮಾ, ಇದು ಕೆಂಚ ಅಲ್ಲ."

"ಯಾಕಲೇ?"

"ಕೆಂಚಂದು ಎಡಗಿವಿ ಬಿದ್ದೈತಿ. ಇದರದು ನಿಂತೈತಿ."

"ಯಾವಾಗಿಂದ ಬಿದ್ದೈತಿ?"

"ಯುಗಾದಿಗಿಂತ ಮೊದಲಿಂದ. ನಿನಗ ಗೊತ್ತಿಲ್ಲಾ?"

ಮನೆಗೆ ಬಂದು ಕೆಂಚನ ಮುಂದೆ ಕೂತೆ. ಕೈಯಲ್ಲಿ ಸ್ಕೆಚ್ ಇಲ್ಲದೆ, ಕರಣಿ ಇಲ್ಲದೆ. ಎಡಗಿವಿ ಒಣಗಿದ ಎಲೆಯ ಹಾಗೆ ಮುದುಡಿತ್ತು. ಒಳಗೆ ವಾಸನೆ. ಆದರೆ ಕಿವಿಯ ಸುತ್ತ ಕೂದಲಿಗೆ ಎಣ್ಣೆಯ ಜಿಡ್ಡೂ ಇತ್ತು. ಬೇವಿನೆಣ್ಣೆ.

"ನಾನ ಬಿಡಾಕತ್ತೀನಿ, ಎರಡು ತಿಂಗಳಾತು" ಅಂದರು ಅತ್ತೆ, ಒಲೆಯ ಮುಂದಿನಿಂದ ಏಳದೆ.

ನಾಯಿ ಪಡಸಾಲೆಗೆ ಕಾಲಿಟ್ಟರೆ ಕಸಬರಿಗೆ ಹಿಡಿಯುವ ನನ್ನ ಅತ್ತೆ! "ನನಗ ಯಾಕ ಹೇಳಲಿಲ್ಲ ಅತ್ತಿ?"

"ಎರಡು ಸಲ ಹೇಳೀನವ್ವಾ. ಕೆಂಚಗ ಕಿವಿ ಬ್ಯಾನಿ ಐತಿ, ಡಾಕ್ಟರಿಗೆ ತೋರಿಸು ಅಂತ. ಎರಡು ಸಲಾನೂ ಹೂಂ ಅಂದಿ."

ಅಂದಿದ್ದೆನೇನೋ. ಸಿಮೆಂಟ್ ಕಲಸುವಾಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ.

ಅಂದು ಸಂಜೆಯೇ ದನದ ಡಾಕ್ಟರ ಮನೆಗೆ ಓಡಿದೆ. ಕಿವಿ ಮುಟ್ಟಿ ನೋಡಿದರು. ಕಿವಿಯ ಪದರದೊಳಗೆ ರಕ್ತ ಕಟ್ಟಿಕೊಂಡಿತ್ತಂತೆ, ಒಳಗೆ ಕೀವೂ ಆಗಿದೆಯಂತೆ. "ಮೊದಲ ತಂದಿದ್ರ ಕಿವಿ ಉಳೀತಿತ್ರಿ. ಹುಣ್ಣು ಮಾಯತೈತಿ. ಆದ್ರ ಕಿವಿ ಇನ್ನ ನಿಲ್ಲಂಗಿಲ್ಲ. ಭಾಳ ನೋವು ಉಂಡೈತಿ ಇದು. ನಿಮಗ ಗೊತ್ತಾಗಲಿಲ್ಲೇನು? ಮುಟ್ಟಿದ್ರ ಒದರಿರಬೇಕಲ್ಲ?"

ಒದರಲಿಲ್ಲ ಡಾಕ್ಟ್ರೇ. ಕುಂಯ್ ಅಂದಿತ್ತು, ಅಷ್ಟೇ. ನಾನು ಬಿಸ್ಕೆಟ್ ಕೊಟ್ಟಿದ್ದೆ.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಬಿಡಿ. ಆದರೆ ಬೆಳಿಗ್ಗೆ ಎದ್ದವಳೇ ಉಳಿ, ಸುತ್ತಿಗೆ, ಒಂದು ಬುಟ್ಟಿ ಸಿಮೆಂಟ್ ಹಿಡಿದು ಪಾರ್ಕಿಗೆ ಹೋದೆ. ಆ ನಿಂತ ಕಿವಿ ಒಡೆದು, ಮಡಚಿದ ಕಿವಿ ಮಾಡಿಬಿಡಬೇಕು. ಕೆಂಚನ ನಿಜವಾದ ಕಿವಿಯನ್ನು ಸರಿಮಾಡಲು ಆಗದು. ಇದನ್ನಾದರೂ ಮಾಡಬಹುದಲ್ಲ?

ಆಗಲೇ ಕಂಡಿದ್ದು ಭಂಡಾರ.

ಪಕ್ಕದಲ್ಲೇ ಒಬ್ಬ ಅಜ್ಜಿ ಕೈಮುಗಿದು ನಿಂತಿದ್ದರು. ನನ್ನ ಕೈಯ ಉಳಿ ನೋಡಿ ಗಾಬರಿಯಾದರು.

"ಏನ್ ಮಾಡ್ತಿ ಯವ್ವಾ? ಮೈಲಾರಪ್ಪನ ನಾಯಿ ಅದು!"

"ಅಲ್ಲ ಅಜ್ಜಿ. ನಮ್ಮನಿ ಕೆಂಚ."

"ನಿಮ್ಮನ್ಯಾಗ ಇದ್ರೇನಾತು? ಕುರಿ ಕಾಯೋರ ದೇವರು ಆತ, ನಾಯಿ ಎಲ್ಲಾ ಆತನವ."

"ಕಿವಿ ತಪ್ಪಾಗೈತಿ ಅಜ್ಜಿ, ಸರಿ ಮಾಡ್ತೀನಿ."

"ನೆಟ್ಟಗ ನಿಂತದ್ದು ತಪ್ಪೇನು?"

ಅಷ್ಟರಲ್ಲಿ ವಾಕಿಂಗ್ ಬಂದವರು, ಹಾಲು ಹಾಕುವವರು ಎಲ್ಲ ಸೇರಿದರು. ಅಧ್ಯಕ್ಷರೂ ಬಂದರು. ಯಾರು ಫೋನ್ ಮಾಡಿದರೋ!

"ಮೇಡಂ, ಪಾಸಾಗಿದ್ದು ಎರಡೂ ನಿಂತ ಕಿವಿ. ಸೀಲ್ ಐತಿ."

"ನಿಜವಾದ ನಾಯಿಗೆ ಒಂದು ಬಿದ್ದೈತ್ರಿ."

"ನಿಜವಾದ ನಾಯಿ ಯಾರು ನೋಡ್ತಾರ್ರಿ?" ಅಂದರು. ಆಮೇಲೆ ದನಿ ತಗ್ಗಿಸಿ, "ಭಂಡಾರ ಬಿದ್ದ ಮ್ಯಾಲ ಒಡೀಬ್ಯಾಡ್ರಿ. ನಾಳೆ ಊರಾಗ ಏನರ ಹೆಚ್ಚುಕಮ್ಮಿ ಆತಂದ್ರ ಎಲ್ಲಾರೂ ನಿಮ್ಮ ಹೆಸರ ಹೇಳ್ತಾರ" ಅಂದರು.

ನನಗೆ ರೇಗಿಹೋಯಿತು. ಒಂದು ನಾಯಿ ಮಾಡಿ ಅಂತ ಕರೆದವರು ಇವರು. ಮಾಡಿದ ಮೇಲೆ ಅದನ್ನು ನಾಯಿಯಾಗಿ ಇರಲು ಬಿಡಲಿಲ್ಲ. ನನ್ನ ತಪ್ಪನ್ನು ನಾನೇ ಸರಿಮಾಡಲೂ ಬಿಡಲಿಲ್ಲ. ಇನ್ನು ವರ್ಷಾನುಗಟ್ಟಲೆ ಆ ಸುಳ್ಳು ಕಿವಿ ಅಲ್ಲಿ ನಿಂತಿರುತ್ತದೆ, ಜನ ಎಣ್ಣೆ ಎರೆಯುತ್ತಾರೆ, ಕೆಳಗೆ ಕಲ್ಲಿನಲ್ಲಿ ನನ್ನ ಹೆಸರು ಇರುತ್ತದೆ. ಬುಟ್ಟಿಯ ಸಿಮೆಂಟನ್ನು ಗಿಡದ ಬುಡಕ್ಕೆ ಸುರಿದು ಬಂದೆ. (ತಪ್ಪು ಮಾಡಿದೆ. ಗಿಡ ಬದುಕಲಿಕ್ಕಿಲ್ಲ.)

ಮನೆಯ ದಾರಿಯಲ್ಲಿ ಸಿಟ್ಟು ಇಳಿದ ಮೇಲೆ ಇನ್ನೊಂದು ಹೊಳೆಯಿತು. "ನಿಜವಾದ ನಾಯಿ ಯಾರು ನೋಡ್ತಾರ್ರಿ" ಅಂದವರ ಮೇಲೆ ರೇಗಿದೆನಲ್ಲ, ಮೂರು ತಿಂಗಳು ನಾನು ನೋಡಿದ್ದು ಏನನ್ನು? ಸ್ಕೆಚ್ ಪಾಸಾಗಿದೆ, ಆದ್ದರಿಂದ ನಾಯಿಯೇ ಸ್ಕೆಚ್ಚಿನ ಹಾಗಿರಬೇಕು. ನಾವು ಮಾಡುವುದೆಲ್ಲ ಹೀಗೇ ಅಲ್ಲವೇ? ಗಣಿತ ಮೇಷ್ಟ್ರ ಮಗಳು ಲೆಕ್ಕದಲ್ಲಿ ಮುಂದಿರಬೇಕು ಅಂತ ನಮ್ಮ ಯಜಮಾನರು ಆ ಕೂಸನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುವಾಗ ಅವಳೂ ಸಣ್ಣಗೆ ಕುಂಯ್ ಅನ್ನುತ್ತಾಳೆ. ಅತ್ತೆ ಬಯ್ಯುವವರು ಎಂದು ನಾನೂ ಒಂದು ಸ್ಕೆಚ್ ಬರೆದುಕೊಂಡಿದ್ದೆ. ಎಣ್ಣೆ ಬಟ್ಟಲು ಹಿಡಿದು ಹಿತ್ತಲಿಗೆ ಹೋಗುವ ಅತ್ತೆ ಆ ಸ್ಕೆಚ್ಚಿನಲ್ಲಿ ಇರಲೇ ಇಲ್ಲ.

ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಕಲಾವಿದರಿಗೆ ಉಳಿದವರಿಗಿಂತ ಹೆಚ್ಚು ನೋಡುವ ಕಣ್ಣಿರುತ್ತದೆ ಎಂದು ಬರೆದಿದ್ದೆ. ಮೆಚ್ಚಿ ಕೆಲವರು ಪತ್ರವನ್ನೂ ಹಾಕಿದ್ದಿರಿ. ಯಾರಾದರೂ ಕತ್ತರಿಸಿ ಇಟ್ಟುಕೊಂಡಿದ್ದರೆ ದಯವಿಟ್ಟು ಬಿಸಾಡಿ.

ಈಗ ಕೆಂಚನ ಕಿವಿಗೆ ದಿನಕ್ಕೆ ಮೂರು ಸಲ ಔಷಧಿಯ ಹನಿ ಹಾಕಬೇಕು. ಅತ್ತೆಯೇ ಹಾಕುತ್ತಾರೆ. ಬೈಯುತ್ತಲೇ ಹಾಕುತ್ತಾರೆ. ಅವನು ಅವರ ಸೀರೆಯ ನೆರಿಗೆಗೆ ಮುಖ ಒತ್ತಿಕೊಂಡು ಹಾಯಾಗಿ ಕೂರುತ್ತಾನೆ.

ನಿನ್ನೆ ಅತ್ತೆ ಸಂತೆಗೆ ಹೋಗಿದ್ದರು. ಮಧ್ಯಾಹ್ನದ ಔಷಧಿ ನಾನು ಹಾಕೋಣ ಎಂದು ಬಾಟಲಿ ಹಿಡಿದು ಹಿತ್ತಲಿಗೆ ಹೋದೆ. ನೆರಳಲ್ಲಿ ಮಲಗಿದ್ದ ಕೆಂಚ ನನ್ನನ್ನು ನೋಡಿದ. ಓಡಿ ಹೋಗುತ್ತಾನೆ ಅಂದುಕೊಂಡೆ. ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಎದ್ದು ಬಂದ. ನನ್ನ ಮುಂದೆ ನೆಟ್ಟಗೆ ಕೂತ. ಎದೆ ಮುಂದೆ ಮಾಡಿ, ಕುತ್ತಿಗೆ ಎಡಕ್ಕೆ ತಿರುಗಿಸಿ, ನಾನು ಮುಟ್ಟುವ ಮೊದಲೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

ಈ ಸಲ ಔಷಧಿ ಹಾಕಲು ಬಂದಿದ್ದೇನೆ ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ?